ಬಿಟ್ಟ ತಗಡು

ಬಾಗಲಾ ಬಡದ ಹುಡುಗಿ ಕೈಯಾಗ ಪಿಸ್ತೂಲು.
ಗಾಬರಿ ಆಗಬ್ಯಾಡ್ರಿ, ಉಷ್ಣ ನೋಡೂದು ಇದು, ಅಂದಳು,
ಮರಾಠಿಯಾಗ ಸುರು ಮಾಡಿ, ನನ್ನ ಮಾರಿ ನೋಡಿ
ಅಕ್ಕಲಕೋಟಿ ಕನ್ನಡಕ್ಕ ಇಳದು.
ಪ್ರಾಜಕ್ತಾ ಹತ್ತೂರೆ. ಸೊಲ್ಲಾಪುರ ಮಹಾನಗರಪಾಲಿಕಾ, ಹವಾಮಾನ ವಿಭಾಗ.
ಹಿಂತಾದೊಂದು ವಿಭಾಗ ಅದ ಅಂತ
ನಮ್ಮ ಓಣಿಗೆ ಅವತ್ತ ಗೊತ್ತಾತು.

ಐದ ದಿನಕ್ಕೊಮ್ಮೆ ನಳ ಬರೂ ದಿನ.
ಕೊಡ ತುಂಬ್ಕೋತ ಉತ್ತರಾ ಕೊಟ್ಟೆ.
ಗಾಡಿ? ಇಲ್ಲ.
ಏಸಿ? ನಕ್ಕೆ. ನಗೂದಕ್ಕ ಖಾನಿ ಇಲ್ಲ, "ಇಲ್ಲ" ಅಂತ ಬರಕೊಂಡಳು.
ಒಲಿ? ಮೂರು. ಕಟ್ಟಿಗಿ? ದಿನಾ ಅರ್ಧ ಮಣ.
ರೊಟ್ಟಿ? ಜೋಳದ್ದು ನಾಕನೂರು, ಕಡಕ.
ಹೊಗಿ ಎಷ್ಟು?
ಹೊಗಿ ನಾ ಎಣಿಸಿಲ್ಲವ್ವ,
ಎದಿ ಎಣಿಸಿರಬೇಕು, ಅದನ್ನ ಕೇಳು.

ಆಮ್ಯಾಲ ಪಿಸ್ತೂಲ ಎತ್ತಿದಳು.
ತಗಡಿಗೆ ಹಿಡದಳು: ಅರವತ್ತೊಂದು.
ಗ್ವಾಡಿಗೆ: ನಲವತ್ತಾರು.
ಮೊಮ್ಮಗನ ತೊಟ್ಟಿಲ ಹಗ್ಗಕ್ಕ: ನಲವತ್ತು.
ಇದಕ್ಕ ಹಿಡಿ, ಅಂತ ಅಂಗೈ ಚಾಚಿದೆ,
ಮೂವತ್ತ ವರ್ಷ ಹಂಚಿನ ಮ್ಯಾಲ ತಿರುವಿದ ಕೈ.
ಮೂವತ್ತಾರು ಅಂತು.
ಸುಳ್ಳ ಹೇಳತದ ನಿನ್ನ ಪಿಸ್ತೂಲು.

ಬಾಜೂಕ ಗಾಜುಲ ನರಸಯ್ಯ
ಬನಿಯನ್ನೂ ಬಿಚ್ಚಿ ಚಾದರ ನೇಯ್ಲತ್ತಿದ್ದ.
ಕೆಂಪು ನೆಲ, ಹಸರ ನವಲ, ದಪ್ಪ ಅಂಚು,
ಎಲ್ಲೆಲ್ಲಿಯದೋ ಥಂಡಿ ತಡಿಯೂ ಚಾದರ.
ನಾವು ಹೊದ್ದು ಎಷ್ಟ ವರ್ಷಾತೋ, ಅಂತ ಒದರಿದೆ.
ಮಗ್ಗದ ಗದ್ದಲದಾಗ ಬೆರಳ ಎತ್ತಿದ,
ಎರಡೋ ಮೂರೋ,
ಇಲ್ಲಾ ಕಡದ ಎಳಿ ತೋರಿಸಿದನೋ.
ಮೊದಲ ಎಳ್ಳ ಅಮಾಸಿ ಮುಂದ ಬೆಳತನಕ ಹಲ್ಲ ಕಟಕಟ.
ಈಗ ಎಳ್ಳ ಅಮಾಸಿಗೂ ಪಂಖಾ.

ಕಡೀ ಪ್ರಶ್ನೆ: ಹೊಗಿ ಕಡಿಮಿ ಮಾಡಲಿಕ್ಕೆ
ನೀವು ಏನ ಮಾಡೀರಿ?
ಏನೂ ಮಾಡಿಲ್ಲ, ಅಂದೆ. ಪೆನ್ನ ಮುಚ್ಚಿದಳು.
ತಡಿ.
ಮೊದಲ ರೊಟ್ಟಿ ಬೇಯಿಸಿ, ಕೆಂಡದ ಮುಂದ
ನಿಲ್ಲಿಸಿ ಒಣಗಸ್ತಿದ್ದೆ, ಅರ್ಧ ಕಟ್ಟಿಗಿ ಅದಕ್ಕ.
ಈಗ ಬೇಯಿಸಿದ್ದನ್ನ ತಗಡಿನ ಮ್ಯಾಲ ಹಾಸತೀನಿ.
ನಿನ್ನ ಅರವತ್ತೊಂದು ಅದನಲ್ಲ,
ಒಂದ ತಾಸಿನಾಗ ಕಟುಂ ಅಂತ ಮುರೀತದ.
ಹೆಂಗೂ ಸುಡತದ, ದುಡೀಲಿ ಅಂತ.

ಇದಕ್ಕ ಖಾನಿ ಇರಲಿಲ್ಲ.
ಕಾಗದ ಆಡ್ಡ ತಿರುವಿ, ಅಂಚಿನಾಗ,
ಇರುವಿಯಂಥ ಅಕ್ಷರದಾಗ ಬರದಳು.

ಎಂಟ ದಿನಕ್ಕ ಸುಣ್ಣದ ಬಕೀಟ ಬಂದವು, ಓಣಿಗೆ ನಲವತ್ತು.
ತಗಡ ಬೆಳ್ಳಗಾದರ ಒಳಗ ತಂಪು,
ಪಂಖಾ ಕಡಿಮಿ, ಕರೆಂಟ ಕಡಿಮಿ,
ಎಲ್ಲೋ ಒಂದ ಬುಟ್ಟಿ ಕಲ್ಲಿದ್ದಲಿ ಕಡಿಮಿ.
ನರಸಯ್ಯನ ಹುಡುಗ್ರು ಬಳದ್ರು, ತಾವೂ ಬೆಳ್ಳಗಾದ್ರು.
ಅರವತ್ತೊಂದು ನಲವತ್ತೆಂಟಕ್ಕ ಇಳೀತು.
ಆ ರಾತ್ರಿ ಕೂಸು ಅಳಲಿಲ್ಲ.
ಎರಡ ಸಲ ಎದ್ದು ಮೂಗಿಗೆ ಬೆರಳ ಹಿಡದ ನೋಡಿದೆ.

ಖರೆ, ರೊಟ್ಟಿ ಒಣಗಲಿಲ್ಲ.
ಮೂರ ತಾಸಾದರೂ ಮೆತ್ತಗ.
ಪುಣೆ ಗಿರಾಕಿ ಫೋನು: ಕಡಕ ಅಂತ ಹೇಳಿ
ಚಪಾತಿ ಕಳಿಸೀದಿ ಏನ ಮಾವಶಿ?

ನಿಚ್ಚಣಿಕಿ ಹಚ್ಚಿ ಏರಿದೆ.
ನಾರು, ಬೂದಿ, ಒಂದ ತಂಬಗಿ ನೀರು
(ನಳ ಬಂದು ನಾಕ ದಿನಾ ಆಗಿತ್ತು).
ಕೆಳಗ ಒಲಿ ಇದ್ದಲ್ಲಿ, ಯಾರೂ ಮಲಗದಲ್ಲಿ,
ಎರಡ ಹಾಸಿಗಿ ಅಗಲ
ಸುಣ್ಣ ತಿಕ್ಕಿ ತಗದೆ.

ಪ್ರಾಜಕ್ತಾ ಮತ್ತ ಬಂದಳು, ಮೊಬೈಲದಾಗ
ಮ್ಯಾಲಿಂದ ತಗದ ಫೋಟೋ.
ಓಣಿ ಪೂರಾ ಬೆಳ್ಳಗ, ನಡುವ ಒಂದ ಕರೀ ಚೌಕ.
ಇದು ಯಾರ ಬಿಟ್ಟದ್ದು?
ನಾ ಮಾತಾಡಲಿಲ್ಲ.
ಬೆರಳಿಲೆ ದೊಡ್ಡದ ಮಾಡಿದಳು. ಮತ್ತೂ ದೊಡ್ಡದ.
ದುಂಡ ದುಂಡ ಚುಕ್ಕಿ, ಸಾಲ ಹಿಡದು.
ಇಬ್ಬರೂ ಕುಂತು ಎಣಿಸಿದಿವಿ, ಎಪ್ಪತ್ತೊಂದು.
ಒಂದ ಕಡಿಮಿ ಅದ, ಅಂದೆ.
ಕಾಗಿ ಒಯ್ದಿರಬೇಕು.